ಡ್ರಿಲ್ ಅಲುಗಿದರೆ ಮೊದಲು ಸ್ಲೀವ್ ನೋಡಿ

"ಬಿಟ್ ಇಟ್ಟಲ್ಲಿ ನಿಲ್ಲಂಗಿಲ್ರೀ, ಬೇರಿಂಗ್ ಹೋಗ್ಯಾವ್, ಬದಲಿ ಮಾಡ್ರಿ." ಕಲಬುರಗಿಯ ಕಪನೂರು ಕಡೆಯ ವರ್ಕ್‌ಶಾಪ್‌ಗಳಿಂದ ಬರುವ ದೂರು ಬಹುತೇಕ ಇದೇ. ಬೇಳೆ ಮಿಲ್ಲಿನ ಜರಡಿ ಫ್ರೇಮಿಗೆ ತೂತು ಹಾಕುವಾಗ ಬಿಟ್ ಪಂಚ್ ಗುರುತು ಬಿಟ್ಟು ಜಾರಿದರೆ ಬೇರಿಂಗ್ ಮೇಲೆ ಅನುಮಾನ ಹೋಗುವುದು ಸಹಜ. ಆದರೆ ಹಳೆಯ ಬೆಂಚ್ ಡ್ರಿಲ್‌ಗಳಲ್ಲಿ ನಾನು ಹೆಚ್ಚಾಗಿ ಕಂಡಿದ್ದು ಸ್ಲೀವ್ ಸವೆದಿರುವುದನ್ನು: ಬಿಟ್ ತಿರುಗಿಸುವ ಸ್ಪಿಂಡಲ್ ಹೊತ್ತು ಮೇಲೆ ಕೆಳಗೆ ಜಾರುವ ಆ ಕೊಳವೆ, ಯಂತ್ರದ ತಲೆಯಾದ ಹೆಡ್ಡಿನ ಬೋರಿನಲ್ಲಿ (ಒಳತೂತಿನಲ್ಲಿ) ಸಡಿಲಾಗಿರುತ್ತದೆ.

ಪರೀಕ್ಷೆಗೆ 0.01 ಮಿ.ಮೀ. ಡಯಲ್ ಗೇಜ್ ಸಾಕು. ಪ್ಲಗ್ ಕಿತ್ತು, ಸ್ಲೀವ್ ಪೂರ್ತಿ ಇಳಿಸಿ. ಡಯಲ್ ಹಿಡಿಯುವ ಮ್ಯಾಗ್ನೆಟ್ ಬೇಸನ್ನು ಹೆಡ್ಡಿಗೇ ಅಂಟಿಸಬೇಕು. ಟೇಬಲ್ ಮೇಲಿಟ್ಟರೆ ಕಂಬ ಬಾಗುವುದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಡಯಲಿನ ಕಡ್ಡಿಯ ತುದಿಯನ್ನು ಸ್ಲೀವ್‌ಗೆ ತಾಗಿಸಿ, ಬಿಟ್ ಕಚ್ಚಿಕೊಳ್ಳುವ ಚಕ್ ಹಿಡಿದು ಅಲುಗಿಸಿ. ಸೂಜಿ ಓಡಾಡಿದರೆ ಸ್ಲೀವ್-ಬೋರಿನದೇ ತಪ್ಪು. ಸ್ಲೀವ್ ಗಟ್ಟಿ ಇದ್ದು ಸ್ಪಿಂಡಲ್ ಮೂತಿ ಮಾತ್ರ ಅಲುಗಿದರೆ ಆಗ ಬೇರಿಂಗ್. ಎರಡೂ ಗಟ್ಟಿ ಇದ್ದು, ಕೈಯಿಂದ ತಿರುಗಿಸಿದಾಗ ಬಿಟ್ ತುದಿ ಔಟ್ ಹೊಡೆದರೆ (ನಡುವಿನಿಂದ ವಾಲಿ ಸುತ್ತಿದರೆ) ಮೊದಲು ನೇರ ಬಿಟ್ ಹಾಕಿ ನೋಡಿ. ಆಮೇಲೂ ಹಾಗೇ ಇದ್ದರೆ ಚಕ್ ಬಿಚ್ಚಿ, ಅದು ಕೂರುವ ಚೂಪು ಭಾಗ (ಟೇಪರ್) ಒರೆಸಿ. ಅಲ್ಲಿ ಲೋಹದ ಒಂದು ಚೂರು ಸಿಕ್ಕಿಕೊಂಡಿದ್ದರೂ ಬಿಟ್ ವಾಲಲು ಸಾಕು.

ಅನೇಕ ಬೆಂಚ್ ಡ್ರಿಲ್‌ಗಳ ಹೆಡ್ಡಿನ ಪಕ್ಕದಲ್ಲಿ ಚೆಕ್ ನಟ್ (ಸ್ಕ್ರೂ ಸಡಿಲಾಗದಂತೆ ಬಿಗಿಹಿಡಿಯುವ ನಟ್) ಇರುವ ಒಂದು ಸ್ಕ್ರೂ ಇರುತ್ತದೆ. ಅದರ ತುದಿ ಸ್ಲೀವ್ ಮೇಲಿನ ಉದ್ದನೆಯ ಸೀಳಿನಲ್ಲಿ ಕೂತು ಸ್ಲೀವ್ ತಿರುಗದಂತೆ ತಡೆಯುತ್ತದೆ. ಸ್ಲೀವ್ ಅಲುಗಾಟ ತಗ್ಗಿಸಲು ನಟ್ ಸಡಿಲಿಸಿ, ಸ್ಕ್ರೂವನ್ನು ಕಾಲು ಸುತ್ತಿಗೂ ಕಡಿಮೆ ಬಿಗಿದು, ಹ್ಯಾಂಡಲ್ ಬಿಟ್ಟು ನೋಡಿ. ಸ್ಲೀವ್ ಸ್ಪ್ರಿಂಗಿನ ಬಲದಲ್ಲಿ ತಾನೇ ಮೇಲೇರಬೇಕು. ನಡುವೆ ನಿಂತರೆ ಬಿಗಿ ಹೆಚ್ಚಾಯಿತು. ಚೆಕ್ ನಟ್ ಕಟ್ಟುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ, ಪಾನಾದಿಂದ ನಟ್ ತಿರುಗಿಸುವಾಗ ಸ್ಕ್ರೂ ಡ್ರೈವರನ್ನು ಬಿಡಬೇಡಿ.

ಶಹಾಬಾದ್ ಕಲ್ಲು ಕೊಯ್ಯುವ ಕಡೆ ಈ ಸವೆತ ಬೇಗ. ಗ್ರೀಸ್ ಬಳಿದ ಸ್ಲೀವ್‌ಗೆ ಕಲ್ಲಿನ ಹುಡಿ ಅಂಟಿ ಬೋರನ್ನೇ ಉಜ್ಜುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಸವರಿದರೆ ಸಾಕು, ಗ್ರೀಸ್ ಬೇಡವೇ ಬೇಡ.

ಬೋರ್ ಮೂತಿಯ ಬಳಿ ಅಗಲವಾಗಿದ್ದರೆ ಸ್ಕ್ರೂ ಕೆಲಸಕ್ಕೆ ಬಾರದು. ತೂತನ್ನು ಕೊರೆಸಿ ಸರಿಮಾಡಿಸಿ, ಒಳಗೆ ಗನ್‌ಮೆಟಲ್ ಬುಷ್ (ಕಂಚಿನ ಬಗೆಯ ಲೋಹದ ಒಳಬಳೆ) ಹಾಕಿಸಬೇಕು. ಸಣ್ಣ ಬೆಂಚ್ ಡ್ರಿಲ್ಲಿಗೆ ಅಷ್ಟು ಖರ್ಚು ಮಾಡುವ ಮೊದಲು ಹೊಸದರ ಬೆಲೆ ಕೇಳಿಕೊಳ್ಳಿ.