ಬಿಗ್‌ಇಂಟಿಜರ್ ಲೂಪ್ ಗಿಡ್ಡ ಮಾಡುವುದು ಹೇಗೆ?

ಪ್ರಶ್ನೆ: ಸರ, 30 ಅಂಕಿಯ ಸಂಖ್ಯೆಯಿಂದ ಶುರು ಮಾಡಿ ಒಂದೊಂದ ಏರಿಸಕೋತ ಹೋಗಿ, ಮೊದಲ ಸಿಗೂ ಅವಿಭಾಜ್ಯ ಸಂಖ್ಯೆ ಹುಡಕಬೇಕಾಗೇದ. ಜಾವಾದಾಗ ಬಿಗ್‌ಇಂಟಿಜರ್ (ಎಷ್ಟ ದೊಡ್ಡ ಸಂಖ್ಯೆನೂ ಹಿಡಿಸೂ ಟೈಪ್) ಹಾಕಿದ್ರ ಲೂಪ್ ಭಾಳ ಉದ್ದ ಆಗ್ತದ. ಸಣ್ಣದ ಮಾಡೂದು ಹ್ಯಾಂಗ?
— ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ, ವಿಜಯಪುರ

ಉತ್ತರ: ಶುರುವಿನ ಸಂಖ್ಯೆ ದೊಡ್ಡದು, ನಿಜ. ಆದರೆ ಅಲ್ಲಿಂದ ಮುಂದೆ ಇಡುವ ಹೆಜ್ಜೆಗಳು ಎಷ್ಟು? 30 ಅಂಕಿಯ ಸಂಖ್ಯೆಗಳಲ್ಲಿ ಎರಡು ಅವಿಭಾಜ್ಯಗಳ ನಡುವಿನ ಸರಾಸರಿ ಅಂತರ 70ನ್ನೂ ದಾಟುವುದಿಲ್ಲ. ಜಾವಾದ ಸಾದಾ ಪೂರ್ಣಾಂಕ ಟೈಪ್ ಆದ ‘ಲಾಂಗ್’ ಹಿಡಿಸುವ ಗರಿಷ್ಠ ಬೆಲೆ 92,23,37,20,36,85,47,75,807. ಸೆಕೆಂಡಿಗೆ 100 ಕೋಟಿ ಹೆಜ್ಜೆ ಹಾಕಿದರೂ ಅಲ್ಲಿಗೆ ಮುಟ್ಟಲು ಸುಮಾರು 292 ವರ್ಷ ಬೇಕು. ಹಾಗಾಗಿ ಎಣಿಕೆಗೆ ಬಿಗ್‌ಇಂಟಿಜರ್ ಯಾವತ್ತೂ ಬೇಕಾಗುವುದಿಲ್ಲ. ಇಂತಿಷ್ಟೇ ಸಲ ಸುತ್ತಬೇಕು ಎಂದಿದ್ದರೆ ಸಾದಾ ಲಾಂಗ್ ಕೌಂಟರ್ ಇಟ್ಟು ++ ಮಾಡಿ. ಒಳಗೆ ಮೂಲ ಸಂಖ್ಯೆಗೆ ಆ ಕೌಂಟರನ್ನು ವ್ಯಾಲ್ಯೂಆಫ್ ಮೂಲಕ ಬಿಗ್‌ಇಂಟಿಜರ್ ಆಗಿಸಿ ಆ್ಯಡ್ ಮಾಡಿ. ಬಿಗ್‌ಇಂಟಿಜರ್‌ಗಳನ್ನು ಹೋಲಿಸಲು ಬರೆಯಬೇಕಾದ, ಕಣ್ಣಿಗೆ ಚುಚ್ಚುವ ‘ಕಂಪೇರ್‌ಟು’ ಅಲ್ಲಿಗೇ ಹೋಯಿತು.

ನಿಮ್ಮ ಲೆಕ್ಕದಲ್ಲಿ ಕೊನೆಯ ಮಿತಿಯೂ ಇಲ್ಲ, ಆದ್ದರಿಂದ ಕೌಂಟರೂ ಬೇಡ. ‘ಈಸ್‌ಪ್ರೊಬಬಲ್‌ಪ್ರೈಮ್’ (ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸುವ ಮೆಥಡ್) ಸುಳ್ಳು ಎನ್ನುತ್ತಿರುವಷ್ಟು ಹೊತ್ತು ಓಡುವ ಒಂದು ವೈಲ್ ಲೂಪ್, ಅದರೊಳಗೆ 2 ಕೂಡಿಸುವ ಒಂದೇ ಸಾಲು. ಬೆಸ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕಲ್ಲ! ಆದರೆ ಶುರುವಿನ ಸಂಖ್ಯೆ ಸಮವಾಗಿದ್ದರೆ ಲೂಪ್ ನಿಲ್ಲುವುದೇ ಇಲ್ಲ. ಮೊದಲೇ ಒಮ್ಮೆ ಸೆಟ್‌ಬಿಟ್ (0) ಕರೆಯಿರಿ, ಅದು ಕೊನೆಯ ಬಿಟ್ ಅನ್ನು 1 ಮಾಡುತ್ತದೆ: ಸಮ ಇದ್ದದ್ದು ಬೆಸ ಆಗುತ್ತದೆ, ಬೆಸ ಇದ್ದದ್ದು ಹಾಗೇ ಉಳಿಯುತ್ತದೆ. ಲಾಂಗ್‌ನಲ್ಲಿ ಹಿಡಿಸದ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿಯೇ ಕೊಡಬೇಕು, ಇಲ್ಲವಾದರೆ ಕಂಪೈಲರ್ ಒಪ್ಪುವುದಿಲ್ಲ. ಜಾವಾ 10 ಅಥವಾ ಮುಂದಿನದಾದರೆ ಎಡಗಡೆ ಟೈಪ್ ಹೆಸರಿನ ಬದಲು ‘ವಾರ್’ ಎಂದು ಬರೆದು ಇನ್ನಷ್ಟು ಅಕ್ಷರ ಉಳಿಸಬಹುದು.

ಹೆಚ್ಚಿನವರು ಎಡವುವುದು ಇಲ್ಲಿ: ಬಿಗ್‌ಇಂಟಿಜರ್ ತಾನು ಬದಲಾಗುವುದಿಲ್ಲ. ಆ್ಯಡ್ ಆಗಲಿ, ಸೆಟ್‌ಬಿಟ್ ಆಗಲಿ ಹೊಸ ಸಂಖ್ಯೆಯನ್ನು ಮರಳಿಸುತ್ತದೆ. ಅದನ್ನು ಅದೇ ವೇರಿಯಬಲ್‌ಗೆ = ಹಾಕಿ ಇಟ್ಟುಕೊಳ್ಳದಿದ್ದರೆ ಎರರ್ ಏನೂ ಬರದು, ಪ್ರೋಗ್ರಾಮ್ ಮಾತ್ರ ನಿಂತಲ್ಲೇ ಸುತ್ತುತ್ತಿರುತ್ತದೆ.

ಪೈಥಾನ್‌ನಲ್ಲಿ ಈ ತಾಪತ್ರಯವೇ ಇಲ್ಲ. ರೇಂಜ್‌ಗೆ 10ರ 30ನೇ ಘಾತ ಕೊಟ್ಟರೂ ನಡೆಯುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಬಿಗ್‌ಇಂಟ್‌ಗೆ ++ ನಡೆಯುತ್ತದೆ, ಆದರೆ ಸಂಖ್ಯೆಯ ಕೊನೆಗೆ ಎನ್ ಅಕ್ಷರ ಮರೆತರೆ ಅದು ಸಾದಾ ನಂಬರ್. 9007199254740992ಕ್ಕೆ 1 ಕೂಡಿಸಿದರೂ ಅಷ್ಟೇ ಉಳಿಯುತ್ತದೆ.

ಅಂದ ಹಾಗೆ, ನಿಮ್ಮ ಈ ಕೆಲಸಕ್ಕೆ ಲೂಪೇ ಬೇಕಾಗಿಲ್ಲ. ಬಿಗ್‌ಇಂಟಿಜರ್‌ನಲ್ಲೇ ‘ನೆಕ್ಸ್ಟ್‌ಪ್ರೊಬಬಲ್‌ಪ್ರೈಮ್’ ಇದೆ, ಮುಂದಿನ ಅವಿಭಾಜ್ಯವನ್ನು ಅದೇ ಹುಡುಕಿಕೊಡುತ್ತದೆ. ನಡುವಿನ ಯಾವ ಅವಿಭಾಜ್ಯವನ್ನೂ ಅದು ಬಿಡುವುದಿಲ್ಲ; ಕೊಟ್ಟ ಉತ್ತರ ತಪ್ಪಾಗುವ ಸಂಭವ 2ರ 100ನೇ ಘಾತದಲ್ಲಿ ಒಂದಕ್ಕಿಂತ ಹೆಚ್ಚಿಲ್ಲ. ಕೊಟ್ಟ ಸಂಖ್ಯೆಗಿಂತ ದೊಡ್ಡದನ್ನೇ ಅದು ಹುಡುಕುವುದರಿಂದ, ಶುರುವಿನ ಸಂಖ್ಯೆಯೂ ಲೆಕ್ಕಕ್ಕೆ ಬರಬೇಕಿದ್ದರೆ ಮೊದಲು 1 ಕಳೆದು ಕೊಡಿ. ಲ್ಯಾಬ್ ಪ್ರಶ್ನೆಯಲ್ಲಿ ಲೂಪ್ ಬರೆಯಲೇಬೇಕು ಎಂದಿದ್ದರೆ ವೈಲ್ ಲೂಪ್ ಬರೆಯಿರಿ.