ರಾಜ್ಯ ಸರ್ಕಾರವನ್ನು ಕೇಂದ್ರ ಸುಮ್ನೆ ಕಿತ್ತುಹಾಕಬಹುದಾ?

ಓದುಗರ ಪ್ರಶ್ನೆ: ನಾವು ಆರಿಸಿ ತಂದ ರಾಜ್ಯ ಸರ್ಕಾರವನ್ನು ಕೇಂದ್ರ ತನಗೆ ಬೇಡವಾದಾಗ ವಜಾ ಮಾಡಬಹುದಾ? ತಡೆಯುವವರು ಯಾರೂ ಇಲ್ವಾ?

ಇದ್ದಾರೆ. ಮೊದಲು ಆ ತಡೆ ಇಷ್ಟು ಗಟ್ಟಿ ಇರಲಿಲ್ಲ. ಅದನ್ನು ಗಟ್ಟಿ ಮಾಡಿದ್ದು ನಮ್ಮ ಕರ್ನಾಟಕದ್ದೇ ಒಂದು ಕೇಸು.

1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಅವರು ದಿಲ್ಲಿಗೆ ವರದಿ ಕಳಿಸಿದರು. ಮರುದಿನವೇ ಆ 19ರಲ್ಲಿ 7 ಮಂದಿ, ತಪ್ಪು ಹೇಳಿ ನಮ್ಮ ಸಹಿ ತೆಗೆದುಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ತಿರುಗಿ ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರು ಬೊಮ್ಮಾಯಿ. ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ ಸಂವಿಧಾನದ 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ, ಅಂದರೆ ಕೇಂದ್ರದ ನೇರ ಆಡಳಿತ, ಬಂತು. ಸರ್ಕಾರವೂ ಹೋಯಿತು, ವಿಧಾನಸಭೆಯೂ ಹೋಯಿತು.

ವಿಧಾನಸೌಧ ಇರುವುದು ರಾಜಭವನದಿಂದ ಕೂಗಳತೆಯಲ್ಲಿ. ಅಲ್ಲಿ ಕೈ ಎತ್ತಿಸಿ ಎಣಿಸಬಹುದಿತ್ತು, ಅಲ್ವಾ? ಇವತ್ತಿಗೂ ನನಗೆ ನೋವಾಗುವುದು ಇದಕ್ಕೇ.

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು 9 ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ರಾಜ್ಯಪಾಲರ ಅನಿಸಿಕೆ ಸಾಲದು. ವಜಾ ಮಾಡಿದ್ದಕ್ಕೆ ತಕ್ಕ ಕಾರಣ ಇತ್ತಾ ಎಂದು ಕೋರ್ಟು ನೋಡಬಹುದು. ಇಲ್ಲದಿದ್ದರೆ ಹಳೇ ಸರ್ಕಾರವನ್ನೇ ವಾಪಸ್ ಕೂರಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೆ.

ಕೋರ್ಟು ಒಂದೇ ಅಲ್ಲ. ಕೇಂದ್ರ ಸಂಪುಟ ಕಳಿಸಿದ ಶಿಫಾರಸನ್ನು ಇನ್ನೊಮ್ಮೆ ಯೋಚಿಸಿ ಎಂದು ರಾಷ್ಟ್ರಪತಿ ಒಂದು ಸಲ ತಿರುಗಿ ಕಳಿಸಬಹುದು. 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿ ಕೆ.ಆರ್. ನಾರಾಯಣನ್ ಹಾಗೇ ಮಾಡಿದರು, ಕೇಂದ್ರ ಹಿಂದೆ ಸರಿಯಿತು. ಸಂಸತ್ತು ಎರಡು ತಿಂಗಳೊಳಗೆ ಒಪ್ಪದಿದ್ದರೆ ರಾಷ್ಟ್ರಪತಿ ಆಳ್ವಿಕೆ ತಾನಾಗಿಯೇ ಬಿದ್ದುಹೋಗುತ್ತದೆ. 1999ರಲ್ಲಿ ಬಿಹಾರದ ರಾಬ್ಡಿದೇವಿ ಸರ್ಕಾರ ವಾಪಸ್ ಬಂದದ್ದು, ರಾಜ್ಯಸಭೆಯಲ್ಲಿ ಕೇಂದ್ರಕ್ಕೆ ಬಹುಮತ ಇರಲಿಲ್ಲ ಎಂಬುದಕ್ಕೇ.

ಬೊಮ್ಮಾಯಿ ಅವರಿಗೆ ಕುರ್ಚಿ ಸಿಗಲಿಲ್ಲ. ಅವರನ್ನು ಇಳಿಸಿದ್ದು ತಪ್ಪು ಎಂದು ಕೋರ್ಟು ಹೇಳುವಷ್ಟರಲ್ಲಿ ಚುನಾವಣೆ ಮುಗಿದು ನಾಲ್ಕು ವರ್ಷ ದಾಟಿತ್ತು. ನ್ಯಾಯ ತೀರಾ ತಡವಾಗಿ ಬಂತು, ಅದನ್ನು ಮುಚ್ಚಿಡಬಾರದು.

ಆದರೆ 2018ರ ಮೇ ನೆನಪಿಸಿಕೊಳ್ಳಿ. ಬಿ.ಎಸ್. ಯಡಿಯೂರಪ್ಪ ಅವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟು ರಾತ್ರೋರಾತ್ರಿ ವಿಚಾರಣೆಗೆ ಕೂತಿತು. ಆಮೇಲೆ, ಮೇ 19ರ ಸಂಜೆ 4ಕ್ಕೆ ಸದನದಲ್ಲೇ ತೋರಿಸಿ ಎಂದು ಆದೇಶಿಸಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಬೊಮ್ಮಾಯಿ ಕೇಳಿದ್ದ ಸದನ ಅದೇ ವಿಧಾನಸೌಧದಲ್ಲಿ, ಈ ಸಲ ಟಿವಿಯಲ್ಲಿ ಎಲ್ಲರ ಕಣ್ಣೆದುರು ಸೇರಿತ್ತು.