ಶಾರ್ಗಾಸ್: ಓರ್ಕ್‌ಗಳೇ ಹೆದರುವ ಓರ್ಕ್ ದೇವರು

ಶಾರ್ಗಾಸ್ ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸಿ ಆಡುವ ಕಥೆಯಾಟದಲ್ಲಿ ಬರುವ ಓರ್ಕ್‌ಗಳ ಒಬ್ಬ ದೇವರು. ಓರ್ಕ್ ಅಂದರೆ ಆ ಆಟದ ಕಾದಾಡುವ ಒಂದು ಕಾಲ್ಪನಿಕ ಜನಾಂಗ. ಕತ್ತಲೆ ಶಾರ್ಗಾಸನದ್ದು. ಸದ್ದಾಗದ ಹಾಗೆ ಹಿಂದಿನಿಂದ ಬರುವುದು ಅವನ ವಿದ್ಯೆ. ಸತ್ತ ಮೇಲೂ ಮಣ್ಣು ಸೇರದೆ ಎದ್ದು ಓಡಾಡುವ ಹೆಣಗಳೂ ಅವನ ಹೆಸರಿಗೇ ಸೇರುತ್ತವೆ. ರಾತ್ರಿಯ ಒಡೆಯ, ಕತ್ತಲೆಯ ಕತ್ತಿ, ಕೆಳಗೆ ಹೊಂಚು ಹಾಕುವವನು ಅಂತೆಲ್ಲ ಬಿರುದುಗಳಿವೆ. ಅವನ ಗುರುತು ಕೆಂಪು ಬಣ್ಣದ ಅರ್ಧಚಂದ್ರ, ಅದರ ಎರಡು ಕೊಂಬುಗಳ ನಡುವೆ ಒಂದು ತಲೆಬುರುಡೆ.

ಪದದ ಅರ್ಥ ಇಷ್ಟೇ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಾವು ಮಂಗಳೂರಿನವರು ಆಡಲು ಕೂತಾಗ ಈ ಹೆಸರು ಬಂದರೆ ಸಾಕು, ಹೊಸಬರು ಯಾರಾದರೂ ಒಬ್ಬರು "ಓ, ನಮ್ಮ ಗುಳಿಗನ ಹಾಗೆಯಾ ಮಾರಾಯ?" ಅಂತ ಕೇಳಿಯೇ ಕೇಳುತ್ತಾರೆ. ಗುಳಿಗ ಅಂದರೆ ತುಳುನಾಡಿನ ಒಂದು ಉಗ್ರ ದೈವ. ಕೇಳುವುದರಲ್ಲಿ ತಪ್ಪಿಲ್ಲ. ರಾತ್ರಿ, ಉಗ್ರ ರೂಪ, ರಕ್ತ, ಭಯ ಎಲ್ಲ ಕೇಳಿದರೆ ತುಳುನಾಡಿನವರಿಗೆ ಮೊದಲು ನೆನಪಾಗುವುದು ದೈವಗಳೇ ಅಲ್ವಾ. ಆದರೂ ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಅದನ್ನು ಇಟ್ಟುಕೊಂಡರೆ ಶಾರ್ಗಾಸನೂ ಅರ್ಥವಾಗುವುದಿಲ್ಲ, ದೈವಕ್ಕೂ ಅನ್ಯಾಯ.

ಮೊದಲು ಅವನ ಮನೆಯವರ ವಿಷಯ ಹೇಳುತ್ತೇನೆ. ಓರ್ಕ್‌ಗಳ ದೊಡ್ಡ ದೇವರು ಗ್ರೂಮ್ಷ್, ಒಕ್ಕಣ್ಣ. ಹೆಂಡತಿ ಲೂಥಿಕ್, ಗುಹೆಯ ತಾಯಿ. ಮಗ ಬಾಗ್‌ಟ್ರು, ಬರೀ ತೋಳ್ಬಲದವನು. ಇಲ್ನೆವಲ್ ಯುದ್ಧದ ದಂಡನಾಯಕ. ಯುರ್ಟ್ರಸ್ ರೋಗದ, ಸಾವಿನ ದೇವರು. ಅವನ ಕೈಗಳು ಬಿಳಿ, ಅವನಿಗೆ ಬಾಯಿಯೇ ಇಲ್ಲ. ಆರನೆಯವನು ಶಾರ್ಗಾಸ್. ಆಟ ಶುರುವಾಗಿದ್ದು 1974ರಲ್ಲಿ. ಈ ದೇವರ ಗುಂಪಿಗೆ ರೂಪ ಕೊಟ್ಟವರು ರೋಜರ್ ಮೂರ್, 1982ರಲ್ಲಿ, ಡ್ರ್ಯಾಗನ್ ಪತ್ರಿಕೆಯ 62ನೇ ಸಂಚಿಕೆಯಲ್ಲಿ. ಅದಕ್ಕೆ ಮೊದಲು ಗ್ರೂಮ್ಷ್ ಒಬ್ಬನ ಕಥೆಯೇ ಮುಖ್ಯವಾಗಿತ್ತು.

ಆ ಕಥೆ ಗೊತ್ತಿಲ್ಲದೆ ಶಾರ್ಗಾಸ್ ಗೊತ್ತಾಗುವುದಿಲ್ಲ. ಲೋಕ ಹೊಸದಾಗಿದ್ದಾಗ ದೇವರುಗಳೆಲ್ಲ ಸೇರಿ ಯಾರ ಮಕ್ಕಳು ಎಲ್ಲಿರಬೇಕು ಅಂತ ಚೀಟಿ ಎತ್ತಿದರು. ಎಲ್ಫ್‌ಗಳಿಗೆ ಕಾಡು ಸಿಕ್ಕಿತು. ಡ್ವಾರ್ಫ್‌ಗಳಿಗೆ ಬೆಟ್ಟ, ಹಾಫ್ಲಿಂಗ್‌ಗಳಿಗೆ ಹಸಿರು ಬಯಲು, ಮನುಷ್ಯರಿಗೆ ಎಲ್ಲಿ ಬೇಕಾದರೂ ಇರುವ ಅವಕಾಶ. ಗ್ರೂಮ್ಷ್‌ನ ಸರದಿ ಬರುವಾಗ ಏನೂ ಉಳಿದಿರಲಿಲ್ಲ. ಉಳಿದ ದೇವರುಗಳು ನಕ್ಕರು. ಅವನು ಸಿಟ್ಟಿನಿಂದ ಈಟಿ ಎತ್ತಿ ಬೆಟ್ಟಗಳನ್ನು ಸೀಳಿದ, ಆ ಬಿರುಕುಗಳಲ್ಲಿ ನನ್ನವರು ಇರುತ್ತಾರೆ ಅಂದ. ಹಾಗಾಗಿ ಓರ್ಕ್ ಅಂದರೆ ಗುಹೆಯಲ್ಲಿ ಬದುಕುವವನು. ಹಳೆಯ ನಿಯಮಗಳಲ್ಲಿ ಅವರಿಗೆ ಬಿಸಿಲು ಆಗುತ್ತಿರಲಿಲ್ಲ, ಹಗಲು ಹೊತ್ತು ಹೋರಾಡಿದರೆ ಡೈಸ್‌ನಲ್ಲಿ ಒಂದು ಅಂಕ ಕಡಿಮೆ. ಕತ್ತಲೆ ಅವರಿಗೆ ಶಾಪವಾಗಿ ಬಂದದ್ದು, ಆಮೇಲೆ ಅದೇ ಮನೆಯಾಯಿತು.

ಹಾಗಾದರೆ ಗುಹೆಯಲ್ಲಿ ಇರುವವರಿಗೆ ಕತ್ತಲೆಯ ದೇವರು ಅಂದರೆ ಕಾಪಾಡುವವನು ಆಗಬೇಕಿತ್ತಲ್ಲ? ನನ್ನನ್ನು ಈ ಪಾತ್ರ ಹಿಡಿದಿಟ್ಟದ್ದೇ ಇಲ್ಲಿ. ಶಾರ್ಗಾಸ್ ಕಾಪಾಡುವುದಿಲ್ಲ. ಓರ್ಕ್‌ಗಳಿಗೆ ಕತ್ತಲಲ್ಲಿ ಕಣ್ಣು ಕಾಣುತ್ತದೆ, 2014ರ ನಿಯಮಗಳಲ್ಲಿ ಅರುವತ್ತು ಅಡಿಯವರೆಗೆ. ಆ ಅರುವತ್ತು ಅಡಿಯ ಆಚೆ ಇರುವುದು ಅವನ ಜಾಗ. 2016ರ ಪುಸ್ತಕದಲ್ಲಿ ಅವನ ಭಕ್ತರಿಗೆ ರೆಡ್ ಫ್ಯಾಂಗ್ ಅಂತ ಹೆಸರು, ಕೆಂಪು ಕೋರೆಹಲ್ಲು ಅಂದುಕೊಳ್ಳಿ. ಇವರು ಗುಹೆಯ ಬಾಯಿಯ ಹತ್ತಿರ ಇರುವವರಲ್ಲ. ತೀರಾ ಒಳಗೆ, ಬೇರೆ ಓರ್ಕ್‌ಗಳೂ ಕಾಲಿಡದ ಕಡೆ ಇರುತ್ತಾರೆ. ದೊಡ್ಡ ದೊಡ್ಡ ಬಾವಲಿಗಳನ್ನು ಸಾಕಿ ಅದರ ಮೇಲೆ ಕೂತು ಹಾರುತ್ತಾರೆ. ಶತ್ರುವಿನ ಕೋಟೆಯೊಳಗೆ ನುಗ್ಗಿ ಮುಖ್ಯ ಆಳನ್ನು ಮುಗಿಸುವುದು ಇವರ ಕೆಲಸ. ಇನ್ನೊಂದು ಕೆಲಸವೂ ಇದೆ, ಅದು ತಮ್ಮದೇ ಕುಲದ ದುರ್ಬಲರನ್ನು ತೆಗೆದುಬಿಡುವುದು.

ಒಂದು ಕ್ಷಣ ಒಬ್ಬ ಸಾಮಾನ್ಯ ಓರ್ಕ್‌ನ ಜಾಗದಲ್ಲಿ ನಿಂತು ನೋಡಿ. ಹೋದ ದಾಳಿಯಲ್ಲಿ ಕಾಲಿಗೆ ಏಟಾಗಿದೆ. ಗಾಯ ಮಾಗುತ್ತಿಲ್ಲ. ಮಲಗಿದ್ದಾನೆ, ಸುತ್ತ ನಿದ್ರೆ ಮಾಡುವವರೆಲ್ಲ ಅವನವರೇ. ಹೊರಗಿನಿಂದ ಎಲ್ಫ್ ಬಂದರೆ ಕೂಗಬಹುದು, ಎಲ್ಲರೂ ಏಳುತ್ತಾರೆ. ಒಳಗಿನ ಕತ್ತಲೆಯಿಂದ ಬರುವವನು ಬಂದರೆ ಕೂಗಿಯೂ ಪ್ರಯೋಜನ ಇಲ್ಲ, ಯಾಕೆಂದರೆ ಎಚ್ಚರ ಇದ್ದವರೂ ಕಣ್ಣು ಮುಚ್ಚಿ ಮಲಗಿಯೇ ಇರುತ್ತಾರೆ, ಮಾರನೇ ದಿನ ಯಾರೂ ಆ ಹೆಸರು ಎತ್ತುವುದಿಲ್ಲ. ಗ್ರೂಮ್ಷ್‌ಗೆ ಓರ್ಕ್‌ಗಳು ಹೆದರುವುದು ಬೇರೆ ರೀತಿ, ಅವನ ಸಿಟ್ಟು ಎದುರಿಗೇ ಕಾಣುತ್ತದೆ. ಶಾರ್ಗಾಸನದ್ದು ಎದುರು ನಿಲ್ಲದವನ ಭಯ. ಕುಲದೊಳಗೇ ಇದ್ದು, ಕುಲ ಬಾಯಿಬಿಟ್ಟು ಹೇಳದ ಭಯ ಅದು.

ಈಗ ಗುಳಿಗನ ಮಾತಿಗೆ ಬರುತ್ತೇನೆ. ದೈವ ಎಷ್ಟೇ ಉಗ್ರ ಆಗಿರಲಿ, ಅದು ಬರುವುದು ಹತ್ತು ಜನರ ಎದುರಿಗೆ. ತೆಂಬರೆ ಬಡಿಯುತ್ತದೆ, ಗಗ್ಗರ ಕೇಳುತ್ತದೆ, ದೀವಟಿಗೆ ಇರುತ್ತದೆ, ಕುಟುಂಬದವರು ಸಾಲಾಗಿ ನಿಂತಿರುತ್ತಾರೆ. ದೈವಕ್ಕೆ ಹೆಸರಿದೆ, ಸ್ಥಾನ ಇದೆ, ಅದರ ಕಥೆ ಹಾಡುವ ಪಾಡ್ದನ ಇದೆ. ಮುಖ್ಯವಾಗಿ ನುಡಿ ಇದೆ. ನೀವು ದೂರು ಹೇಳಬಹುದು, ಹರಕೆ ತಪ್ಪಿದ್ದರೆ ಒಪ್ಪಿಕೊಳ್ಳಬಹುದು, ಅಣ್ಣತಮ್ಮಂದಿರ ಜಾಗದ ತಕರಾರನ್ನೂ ಮುಂದಿಡಬಹುದು, ದೈವ ಕೇಳಿ ಉತ್ತರ ಕೊಡುತ್ತದೆ. ಅಭಯವನ್ನೂ ಕೊಡುತ್ತದೆ. ಶಾರ್ಗಾಸನ ಹತ್ತಿರ ಈ ಮಾತುಕತೆಯೇ ಇಲ್ಲ. ಅವನು ಕುಲಕ್ಕೆ ನ್ಯಾಯ ಹೇಳಲು ಬರುವುದಿಲ್ಲ. ಗಾಯಗೊಂಡವನು ಅವನ ಮುಂದೆ ನಿಂತು ನನ್ನದೇನು ತಪ್ಪು ಅಂತ ಕೇಳುವ ಹಾಗಿಲ್ಲ.

ಕತ್ತಲೆ ಅಂದರೆ ಭಯ ಅಂತಲೂ ನಮ್ಮ ಕಡೆ ಇಲ್ಲ. ಮಂಗಳೂರಿನ ಹತ್ತಿರದ ಕುತ್ತಾರಿನಲ್ಲಿ ಕೊರಗಜ್ಜ ದೈವದ ಆದಿಸ್ಥಳದಲ್ಲಿ ರಾತ್ರಿ ಬೆಳಕು ಹಾಕುವ ಹಾಗಿಲ್ಲ, ದೈವಕ್ಕೆ ನಡೆಸುವ ಕೋಲವೂ ಕತ್ತಲೆಯಲ್ಲೇ. ಜನ ಆ ಕತ್ತಲೆಯಲ್ಲಿ ನಿಲ್ಲುವುದು ಅಜ್ಜ ಇದ್ದಾನೆ ಅನ್ನುವ ಧೈರ್ಯದಲ್ಲಿ. ಕಳೆದುಹೋದದ್ದು ಸಿಗಲಿ ಅಂತ ಚಕ್ಕುಲಿ, ವೀಳ್ಯದೆಲೆ, ಕಳ್ಳು ಹೇಳಿಕೊಳ್ಳುವುದೂ ಅದೇ ಅಜ್ಜನಿಗೆ. ಅದು ನಂಬಿಕೆಯ ಕತ್ತಲೆ. ಶಾರ್ಗಾಸನ ಕತ್ತಲೆಯಲ್ಲಿ ಪಕ್ಕದಲ್ಲಿ ಮಲಗಿದವನನ್ನೂ ನಂಬುವಂತಿಲ್ಲ.

ಇನ್ನು ಸತ್ತೂ ಸಾಯದ ಸ್ಥಿತಿ. ಆಟದಲ್ಲಿ ಅನ್‌ಡೆತ್ ಅಂದರೆ ಜೀವ ಹೋದ ದೇಹ ಅಥವಾ ನೆರಳು ಮತ್ತೆ ಕದಲುವುದು: ಝಾಂಬಿ, ಘೌಲ್, ವ್ಯಾಂಪೈರ್ ಇವೆಲ್ಲ. ಓರ್ಕ್‌ಗಳಲ್ಲಿ ಸಾವಿನ ದೇವರು ಆಗಲೇ ಇದ್ದಾನಲ್ಲ, ಯುರ್ಟ್ರಸ್. ಹಾಗಿದ್ದರೆ ಇದು ಶಾರ್ಗಾಸನಿಗೆ ಯಾಕೆ? ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಯುರ್ಟ್ರಸ್‌ನದ್ದು ಕೊಳೆಯುವ ಸಾವು, ರೋಗ ಬಂದು ಮುಗಿಯುವುದು. ಶಾರ್ಗಾಸನದ್ದು ಕದಿಯುವ ಕೆಲಸ. ಸತ್ತವನ ಹತ್ತಿರ ಉಳಿದಿರುವ ಕೊನೆಯ ವಸ್ತು ವಿಶ್ರಾಂತಿ, ಅದನ್ನೂ ಬಿಡುವುದಿಲ್ಲ. 2000ದಲ್ಲಿ ಬಂದ ಮೂರನೇ ಆವೃತ್ತಿಯ ನಿಯಮ ನೋಡಿದರೆ ಇದು ಸ್ಪಷ್ಟ ಆಗುತ್ತದೆ. ಅಲ್ಲಿ ಒಳ್ಳೆಯ ದೇವರ ಪೂಜಾರಿ ಇಂಥ ಹೆಣಗಳನ್ನು ಓಡಿಸುತ್ತಾನೆ, ಕೆಟ್ಟ ದೇವರ ಪೂಜಾರಿ ಅವನ್ನು ಹೆದರಿಸಿ ಅಡಗಿಸುತ್ತಾನೆ, ಶಕ್ತಿ ಸಾಕಷ್ಟಿದ್ದರೆ ಆಳಿನ ಹಾಗೆ ದುಡಿಸಿಕೊಳ್ಳುತ್ತಾನೆ.

ಇಲ್ಲೂ ನಮ್ಮ ಕಥೆಗಳು ಬೇರೆ ದಾರಿ ಹಿಡಿಯುತ್ತವೆ. ಕಲ್ಕುಡನ ಪಾಡ್ದನ ಗೊತ್ತಿರಬೇಕು. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿಯ ಎಡಗೈ, ಬಲಗಾಲನ್ನು ಅರಸ ಕಡಿಸುತ್ತಾನೆ, ಇನ್ನೊಂದು ಕಡೆ ಇಂಥದ್ದೇ ಮೂರ್ತಿ ಮಾಡಬಾರದು ಅಂತ. ಅಣ್ಣ ಕಲ್ಕುಡ, ತಂಗಿ ಕಲ್ಲುರ್ಟಿ ಮಾಯವಾಗಿ ದೈವಗಳಾಗುತ್ತಾರೆ, ಅನ್ಯಾಯದ ಲೆಕ್ಕ ಕೇಳುತ್ತಾರೆ, ಇವತ್ತಿಗೂ ಕೋಲ ಪಡೆಯುತ್ತಾರೆ. ಅಂಗ ಕಳೆದುಕೊಂಡವನಿಗೆ ಅಲ್ಲಿ ಮಾತು ವಾಪಸ್ಸು ಬರುತ್ತದೆ, ಮರ್ಯಾದೆ ಬರುತ್ತದೆ. ಶಾರ್ಗಾಸ್ ಎಬ್ಬಿಸಿದ ಹೆಣಕ್ಕೆ ತನ್ನದು ಅಂತ ಏನೂ ಇರುವುದಿಲ್ಲ. ಅದೇ ಕಾಲು ಮುರಿದ ಓರ್ಕ್ ಮರುದಿನ ಎದ್ದು ನಡೆದರೂ ಅವನ ತಾಯಿಯನ್ನು ಗುರುತಿಸುವುದಿಲ್ಲ.

ಆದ್ದರಿಂದ ಡಿಎಂ ಆಗಿ ಆಟ ನಡೆಸುವವರಿಗೆ ನನ್ನದೊಂದು ಕೋರಿಕೆ. ಶಾರ್ಗಾಸನನ್ನು ಸುಮ್ನೆ ಇನ್ನೊಬ್ಬ ಕೆಟ್ಟ ದೇವರು ಅಂತ ಕೊನೆಯ ಕೋಣೆಯಲ್ಲಿ ನಿಲ್ಲಿಸಬೇಡಿ. ಮೊದಲು ಅವನಿಗೆ ಹೆದರುವ ಓರ್ಕ್‌ಗಳನ್ನು ತೋರಿಸಿ. ಕುಲದ ಮುದುಕಿಯೊಬ್ಬಳು ರಾತ್ರಿ ಹೊತ್ತು ಆಟಗಾರರ ಬಿಡಾರಕ್ಕೆ ಬಂದು ಮೊಮ್ಮಗನನ್ನು ಬಚ್ಚಿಡಿ ಅಂತ ಕೇಳಲಿ. 2024ರ ಹೊಸ ಪುಸ್ತಕದಲ್ಲಿ ಓರ್ಕ್ ಆಟಗಾರರೇ ಆರಿಸಿಕೊಳ್ಳಬಹುದಾದ ಜನಾಂಗ, ಹಾಗಾಗಿ ಆ ಮೊಮ್ಮಗ ನಿಮ್ಮ ಟೇಬಲ್‌ನಲ್ಲಿ ಕೂತ ಯಾರದ್ದಾದರೂ ತಮ್ಮನೂ ಆಗಬಹುದು.

ರೆಡ್ ಫ್ಯಾಂಗ್ ಬಂದಾಗ ಮೊದಲ ಸುತ್ತು ತುಂಬಾ ಜೋರು. ಇನ್ನೂ ತನ್ನ ಸರದಿ ಆಡದವರ ಮೇಲೆ ಅವನಿಗೆ ಅಡ್ವಾಂಟೇಜ್, ಅಂದರೆ ಎರಡು ಸಲ ಡೈಸ್ ಉರುಳಿಸಿ ದೊಡ್ಡ ಅಂಕ ಇಟ್ಟುಕೊಳ್ಳುವ ಅವಕಾಶ. ಹೊಡೆತ ತಾಗಿದರೆ ಎರಡು ಡೈಸ್ ಜಾಸ್ತಿ. ಮೇಲಿಂದ ಶಾರ್ಗಾಸನ ಮುಸುಕು ಅಂತ ಒಂದು ಶಕ್ತಿ, ಅಂದರೆ ಡಾರ್ಕ್‌ನೆಸ್ ಮಂತ್ರ, ಹದಿನೈದು ಅಡಿ ಸುತ್ತಲೂ ಕಪ್ಪು. ಅದರೊಳಗೆ ಆಟಗಾರರ ಪಾತ್ರಗಳಿಗೆ ಕತ್ತಲಲ್ಲಿ ಕಾಣುವ ಶಕ್ತಿ, ಅಂದರೆ ಡಾರ್ಕ್‌ವಿಷನ್ ನಡೆಯುವುದಿಲ್ಲ. ಪಂಜು, ಲಾಟೀನು ಹಿಡಿದರೂ ಏನೂ ಕಾಣುವುದಿಲ್ಲ, ಸಣ್ಣ ಬೆಳಕಿನ ಮಂತ್ರಗಳೂ ಆರಿಹೋಗುತ್ತವೆ. ಗುಂಪಿನಲ್ಲಿ ಐದನೇ ಲೆವೆಲ್ ತಲುಪಿದ ಕ್ಲೆರಿಕ್, ಅಂದರೆ ದೇವರ ಪೂಜಾರಿಯ ಪಾತ್ರ, ಇದ್ದರೆ ಡೇಲೈಟ್ ಮಂತ್ರ ತಯಾರು ಮಾಡಿಟ್ಟುಕೊಳ್ಳಲು ಹೇಳಿ. ಆ ಬೆಳಕು ತಾಗಿದ ಕೂಡಲೇ ಈ ಮುಸುಕು ಹರಿಯುತ್ತದೆ.